ಒಂದು ಟನ್ ಮಣ್ಣಿಗೆ ಎಷ್ಟು ಕೆಸರು?

ಕಡಬದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಬೋರ್‌ವೆಲ್ ಕೊರೆಸಿದ ದಿನ, ಕೇಸಿಂಗ್ ಪೈಪ್ ಇಳಿಸುವ ಮೊದಲೇ ಮೇಲಿನ ಮಣ್ಣು ಕುಸಿದು ಗುಂಡಿ ಮುಚ್ಚಿಹೋಯ್ತು. ಅದು ಅಡಿಕೆ ಮಾರಿ ಉಳಿಸಿದ ದುಡ್ಡು. "ಈ ಮಣ್ಣು ಎಂತಕ್ಕೂ ಆಗುದಿಲ್ಲ ಮಾರಾಯ" ಅಂದರು ಅಪ್ಪ. ಬೆಂಗಳೂರಿಗೆ ಬಂದರೂ ಆ ಮಾತು ತಲೆಯಿಂದ ಹೋಗಲಿಲ್ಲ.

ನಮ್ಮ ಕಡೆಯ ಬೋರ್ ಗಾಡಿಗಳು ಗಾಳಿಯ ಒತ್ತಡದಿಂದ ಕೊರೆಯುತ್ತವೆ. ಗಟ್ಟಿ ಬಂಡೆಗೆ ಅದು ಸರಿ, ಸಡಿಲ ಮಣ್ಣನ್ನು ಗಾಳಿ ಹಿಡಿದು ನಿಲ್ಲಿಸುವುದಿಲ್ಲ. ಎಣ್ಣೆ ಬಾವಿಯವರು ಗುಂಡಿಯೊಳಗೆ ಕೆಸರು ತುಂಬುತ್ತಾರೆ. ಅದರ ಭಾರ ಗೋಡೆಯನ್ನು ಒತ್ತಿ ಹಿಡಿಯುತ್ತದೆ, ಜೇಡಿ ಗೋಡೆಗೆ ಪದರದಂತೆ ಮೆತ್ತಿಕೊಳ್ಳುತ್ತದೆ. ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಮರಳು ಕುಸಿಯತೊಡಗಿದಾಗ ಹೊಂಡಕ್ಕೆ ದನ ಅಟ್ಟಿ ನೀರು ಕದಡಿ ಕೆಸರು ಮಾಡಿದರಂತೆ. 1901ರ ಜನವರಿ 10ರಂದು ಅಲ್ಲಿ ಎಣ್ಣೆ ಚಿಮ್ಮಿತು.

ಹಾಗಾದರೆ ನಮ್ಮ ಮಣ್ಣಿನಿಂದ ಎಷ್ಟು ಕೆಸರು ಸಿಗಬಹುದು? ಲೆಕ್ಕ ಸುಲಭ. ಕೆಸರು ನೀರಿಗಿಂತ 15 ಪಟ್ಟು ಮಂದವಾಗಬೇಕು, ಇದು ಎಣ್ಣೆ ಬಾವಿಯವರ ಅಳತೆ. ಕಛ್‌ನಲ್ಲಿ ಸಿಗುವ ಬೆಂಟೊನೈಟ್ ಜೇಡಿಯಾದರೆ ತೂಕದಲ್ಲಿ ನೂರಕ್ಕೆ 6 ಪಾಲು ಸಾಕು. 1,000 ಕೆಜಿ ಜೇಡಿಗೆ 15,667 ಲೀಟರ್ ನೀರು. ಜೇಡಿ ತುಂಬುವ ಜಾಗ 400 ಲೀಟರ್. ಒಟ್ಟು ಸುಮಾರು 16,000 ಲೀಟರ್ ಕೆಸರು. ಉಬ್ಬದ ಸಾಧಾರಣ ಜೇಡಿಗೆ ನೂರಕ್ಕೆ 40 ಪಾಲು ಬೇಕು ಅಂತಿಟ್ಟುಕೊಳ್ಳಿ. ಆಗ ನೀರು 1,500 ಲೀಟರ್, ಕೆಸರು ಬರೀ 1,900 ಲೀಟರ್!

ಪುತ್ತೂರು, ಸುಳ್ಯ, ಕಡಬದಲ್ಲಿ ಸಿಗುವುದು ಈ ಎರಡನೇ ಜಾತಿ. ಲಕ್ಷಾಂತರ ವರ್ಷಗಳ ಮಳೆಗೆ ಸೋಡಿಯಂ, ಕ್ಯಾಲ್ಸಿಯಂ ಎಲ್ಲ ತೊಳೆದುಹೋಗಿ ಉಳಿದದ್ದು ಮುರಕಲ್ಲು ಮತ್ತು ಕಾವೊಲಿನೈಟ್. ಬೆಂಟೊನೈಟ್ ಪದರಗಳ ನಡುವೆ ನೀರು ನುಗ್ಗುತ್ತದೆ, ಕಾವೊಲಿನೈಟ್‌ನಲ್ಲಿ ನುಗ್ಗುವುದಿಲ್ಲ.

ಅಂದರೆ ಅಪ್ಪ ಹೇಳಿದ್ದೇ ಸರಿಯಾ? ಅರ್ಧ ಮಾತ್ರ. ನೀರು ಕುಡಿದು ಉಬ್ಬದ ಮಣ್ಣು ಒಣಗುವಾಗ ಹೆಚ್ಚು ಕುಗ್ಗುವುದೂ ಇಲ್ಲ, ಬಿರಿಯುವುದೂ ಕಡಿಮೆ. ಹೆಂಚಿಗೆ ಬೇಕಾದದ್ದು ಅದೇ. ನಮ್ಮ ಗುಡ್ಡದ ಮಣ್ಣು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿನತ್ತ ಹೋಗುತ್ತದೆ. ಅಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ನದೀ ಬದಿಯ ಜೇಡಿಯಿಂದ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ಹಡಗು ಹತ್ತಿ ದೂರದ ದೇಶಗಳಿಗೂ ಹೋಯಿತು. ನಾನು ಹುಟ್ಟಿದ ಮನೆಯ ಮಾಡಿನಲ್ಲಿ ಇರುವುದೂ ಅದೇ.

ಫೋನಿನಲ್ಲಿ ಇದೆಲ್ಲ ಹೇಳಿದೆ. ಅಪ್ಪ ಪೂರ್ತಿ ಕೇಳಿ ಅಂದರು: "ಅದೆಲ್ಲ ಸರಿ. ಮುಂದಿನ ಸರ್ತಿ ಕೇಸಿಂಗ್ ಎಷ್ಟು ಅಡಿ ಬೇಕು, ಅದರ ಲೆಕ್ಕ ಹಾಕು."