ಮೆಮೊರಿ ಕಾರ್ಡ್: ನಂಬಿಕೆ ಎಷ್ಟು, ಎಚ್ಚರ ಎಷ್ಟು?

ಮದುವೆಯಲ್ಲಿ ಧಾರೆ ಎರೆಯುವ ಕ್ಷಣವನ್ನಾಗಲಿ, ಓಟದ ಪಂದ್ಯದ ಕೊನೆಯ ಹೆಜ್ಜೆಯನ್ನಾಗಲಿ ಛಾಯಾಗ್ರಾಹಕನಿಗಾಗಿ ಯಾರೂ ಮತ್ತೊಮ್ಮೆ ನಡೆಸಿಕೊಡುವುದಿಲ್ಲ. ಫಿಲ್ಮಿನ ಕಾಲದಲ್ಲಿ ಬೆಳಕನ್ನು ಹಿಡಿಯುವುದೂ, ಹಿಡಿದ ಚಿತ್ರವನ್ನು ಕಾಪಾಡುವುದೂ ಒಂದೇ ಸುರುಳಿಯ ಕೆಲಸವಾಗಿತ್ತು. ಪ್ರತಿ ಸುರುಳಿಯೂ ಹೊಸದು. ಒಮ್ಮೆ ಬಳಸಿದ ಮೇಲೆ ಅದು ನೆಗೆಟಿವ್ ಆಗಿ ಸ್ಟುಡಿಯೋದ ಕಪಾಟಿನಲ್ಲಿ ದಶಕಗಟ್ಟಲೆ ಉಳಿಯುತ್ತಿತ್ತು. ಡಿಜಿಟಲ್ ಕ್ಯಾಮೆರಾ ಈ ಎರಡು ಕೆಲಸಗಳನ್ನು ಬೇರ್ಪಡಿಸಿತು. ಬೆಳಕನ್ನು ಹಿಡಿಯುವುದು ಸೆನ್ಸರ್. ಚಿತ್ರವನ್ನು ಇಟ್ಟುಕೊಳ್ಳುವುದು ಮೆಮೊರಿ ಕಾರ್ಡ್. ವೃತ್ತಿನಿರತ ಛಾಯಾಗ್ರಾಹಕ ಯಾವ ಕಾರ್ಡನ್ನು ನಂಬಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ.

ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ರೂಪಿಸಿದ ಪ್ರಾಯೋಗಿಕ ಕ್ಯಾಮೆರಾ ಕೇವಲ 10 ಸಾವಿರ ಬಿಂದುಗಳ ಕಪ್ಪು ಬಿಳುಪು ಚಿತ್ರ ತೆಗೆಯುತ್ತಿತ್ತು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಾಗುತ್ತಿತ್ತು. 1991ರಲ್ಲಿ ಅದೇ ಕಂಪನಿ ವೃತ್ತಿಪರರಿಗಾಗಿ ತಂದ ಡಿ.ಸಿ.ಎಸ್. ಕ್ಯಾಮೆರಾ ನಿಕಾನ್ ಎಫ್3ರ ಮೇಲೆ ಕಟ್ಟಿದ್ದು. ಅದರ 200 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಬೇರೊಂದು ಪೆಟ್ಟಿಗೆಯಲ್ಲಿತ್ತು. ಅದನ್ನು ಹೆಗಲಿಗೆ ತೂಗುಹಾಕಿಕೊಂಡು, ವೈರಿನಿಂದ ಕ್ಯಾಮೆರಾಕ್ಕೆ ಜೋಡಿಸಬೇಕಿತ್ತು. ಜನಜಂಗುಳಿಯಲ್ಲಿ ನುಗ್ಗಿ ಓಡಾಡುವ ಪತ್ರಿಕಾ ಛಾಯಾಗ್ರಾಹಕನಿಗೆ ತಿರುಗುವ ಡಿಸ್ಕು ಹೇಳಿಸಿದ ಜೊತೆಗಾರನಲ್ಲ.

ಪರಿಹಾರ ಬಂದದ್ದು ಜಪಾನಿನಿಂದ. ತೊಷಿಬಾ ಕಂಪನಿಯ ಫುಜಿಯೊ ಮಸುವೊಕ 1984ರಲ್ಲಿ ಹೊಸ ಬಗೆಯ ಅರೆವಾಹಕ ಸ್ಮರಣಕೋಶವನ್ನು ಲೋಕದ ಮುಂದಿಟ್ಟರು. ಅದರಲ್ಲಿನ ಮಾಹಿತಿಯನ್ನು ಒಂದೇ ಏಟಿಗೆ ಅಳಿಸಬಹುದಾಗಿತ್ತು. ಇದನ್ನು ಕಂಡ ಅವರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಷ್ ನೆನಪಾಯಿತಂತೆ. 'ಫ್ಲ್ಯಾಷ್ ಮೆಮೊರಿ' ಎಂಬ ಹೆಸರು ಬಂದದ್ದು ಹೀಗೆ. 1987ರಲ್ಲಿ ಇದರ 'ನ್ಯಾಂಡ್' ಎಂಬ ಬಗೆ ಪ್ರಕಟವಾಯಿತು. ಇಂದಿನ ಮೆಮೊರಿ ಕಾರ್ಡುಗಳ ಜೀವಾಳ ಇದೇ.

ಇದರ ಕೆಲಸದ ರೀತಿಯಲ್ಲೇ ಇದರ ಮಿತಿಯೂ ಅಡಗಿದೆ. ವಿದ್ಯುತ್ತನ್ನು ಹರಿಯಗೊಡದ ಅತಿ ತೆಳುವಾದ ಪದರದ ಹಿಂದೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದೇ ಇಲ್ಲಿನ 'ಬರವಣಿಗೆ'. ವಿದ್ಯುತ್ ಸಂಪರ್ಕ ತಪ್ಪಿದರೂ ಅವು ಅಲ್ಲೇ ಉಳಿಯುತ್ತವೆ. ಆದರೆ ಪ್ರತಿ ಬಾರಿ ಅಳಿಸಿ ಬರೆದಾಗಲೂ ಆ ಪದರ ಒಂದಿಷ್ಟು ಸವೆಯುತ್ತದೆ. ಹಿಂದೆ ಕರ್ನಾಟಕದ ವರ್ತಕರು, ಶಾನುಭೋಗರು ಬಳಸುತ್ತಿದ್ದ ಕಡತವನ್ನೂ ಹೀಗೆಯೇ ಅಳಿಸಿ ಬರೆಯಬಹುದಿತ್ತು; ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆ ಅದು. ಬಳಸಿದಷ್ಟೂ ಸವೆಯುವುದು ಎರಡಕ್ಕೂ ಸಮಾನ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದ ತಯಾರಕರು ಕ್ರಮೇಣ ಎರಡು, ಮೂರು ಬಿಟ್ ಇಡತೊಡಗಿದರು. ಬೆಲೆ ಇಳಿಯಿತು, ಧಾರಣಶಕ್ತಿ ಏರಿತು, ಆದರೆ ಕೋಶದ ಬಾಳಿಕೆ ಕುಗ್ಗಿತು.

1994ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿಯ ಕಾಂಪ್ಯಾಕ್ಟ್‌ಫ್ಲ್ಯಾಷ್ ಕಾರ್ಡ್ ಬಂತು. ತಿರುಗುವ ಭಾಗವೇ ಇಲ್ಲದ ಈ ಗಟ್ಟಿ ಕಾರ್ಡ್ ವೃತ್ತಿಪರರ ಕ್ಯಾಮೆರಾಗಳಲ್ಲಿ ಬಹುಕಾಲ ನೆಲೆನಿಂತಿತು. 1999ರಲ್ಲಿ ಐ.ಬಿ.ಎಂ. ಅದೇ ಬಗೆಯ ಕಿಂಡಿಗೆ ಹೊಂದುವ, ಒಂದಂಗುಲ ಡಿಸ್ಕಿನ 340 ಮೆಗಾಬೈಟ್ 'ಮೈಕ್ರೊಡ್ರೈವ್' ಮಾರಾಟಕ್ಕಿಟ್ಟಿತು. ಫ್ಲ್ಯಾಷ್ ಅಗ್ಗವಾದಂತೆ ಅದು ಮರೆಯಾಯಿತು. ಈಗ ಎಲ್ಲೆಡೆ ಕಾಣುವ ಎಸ್.ಡಿ. ಕಾರ್ಡನ್ನು ಮೂರು ಕಂಪನಿಗಳು ಸೇರಿ ಪ್ರಕಟಿಸಿದ್ದೂ 1999ರಲ್ಲೇ.

ಆರಂಭದ ದಿನಗಳಲ್ಲಿ ಕಾರ್ಡಿನ ಜಾಗ ಕಡಿಮೆ, ಬೆಲೆ ಹೆಚ್ಚು. ಹೀಗಾಗಿ ಬೇಡವೆನಿಸಿದ ಚಿತ್ರಗಳನ್ನು ಅಳಿಸುವ ರೂಢಿ ಬೆಳೆಯಿತು. 1996ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಸಭೆಯೊಂದರಲ್ಲಿ ಮೋನಿಕಾ ಲೆವಿನ್‌ಸ್ಕಿಯನ್ನು ಅಪ್ಪಿಕೊಂಡ ಚಿತ್ರವನ್ನು ಡರ್ಕ್ ಹಾಲ್‌ಸ್ಟೆಡ್ ಫಿಲ್ಮಿನಲ್ಲಿ ತೆಗೆದಿದ್ದರು. ಆಗ ಆಕೆ ಯಾರೆಂದು ಲೋಕಕ್ಕೆ ತಿಳಿದಿರಲಿಲ್ಲ. 1998ರಲ್ಲಿ ಹಗರಣ ಬಯಲಾದಾಗ ಹಾಲ್‌ಸ್ಟೆಡ್ ತಮ್ಮ ಸಂಗ್ರಹದಿಂದ ಅದನ್ನು ಹುಡುಕಿಸಿ ತೆಗೆದರು. 'ಟೈಮ್' ಪತ್ರಿಕೆ ಮುಖಪುಟದಲ್ಲಿ ಪ್ರಕಟಿಸಿತು. ಅಲ್ಲಿದ್ದ ಡಿಜಿಟಲ್ ಛಾಯಾಗ್ರಾಹಕರು ಅಂಥ ಚಿತ್ರಗಳನ್ನು ಅಳಿಸಿಬಿಟ್ಟಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿ ಕಾರ್ಡ್ ಕೈಕೊಟ್ಟಿರಲಿಲ್ಲ. ಉಳಿಸುವ ಅಭ್ಯಾಸ ಇರಲಿಲ್ಲ.

ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿರುವ ವೇಗ ಬಹುಮಟ್ಟಿಗೆ ಓದುವ ವೇಗ. ಕ್ಯಾಮೆರಾಕ್ಕೆ ಮುಖ್ಯವಾದದ್ದು ಬರೆಯುವ ವೇಗ. 'ವಿ30' ಎಂಬ ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್‌ನಂತೆ ಬಿಡದೆ ಬರೆಯುವ ಭರವಸೆ ಎಂದರ್ಥ. ವಿ60, ವಿ90 ಅದಕ್ಕೂ ಮೇಲಿನವು. ನಕಲಿ ಕಾರ್ಡುಗಳು ಇಲ್ಲದ ಧಾರಣಶಕ್ತಿಯನ್ನು ಇದೆಯೆಂದು ತೋರಿಸಿ, ನಿಜವಾದ ಮಿತಿ ದಾಟಿದೊಡನೆ ಚಿತ್ರಗಳನ್ನು ಕೆಡಿಸುತ್ತವೆ. ಆದ್ದರಿಂದ ಹೊಸ ಕಾರ್ಡನ್ನು ನಂಬುವ ಮೊದಲು ಪೂರ್ತಿ ತುಂಬಿಸಿ, ಎಲ್ಲವನ್ನೂ ತೆರೆದು ನೋಡುವುದು ಒಳ್ಳೆಯದು. ಅಕಸ್ಮಾತ್ ಚಿತ್ರ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೇನನ್ನೂ ತೆಗೆಯಬಾರದು. ಸಾಮಾನ್ಯವಾಗಿ ಆಗ ಅಳಿಯುವುದು ವಿಳಾಸವೇ ಹೊರತು ಚಿತ್ರವಲ್ಲ. ಅದರ ಮೇಲೆ ಹೊಸದನ್ನು ಬರೆದಾಗಲೇ ಅದು ನಿಜವಾಗಿ ಹೋಗುವುದು.

ಎಂದೂ ಕೆಡದ ಕಾರ್ಡ್ ಇಲ್ಲವೆಂಬುದನ್ನು ಕ್ಯಾಮೆರಾ ತಯಾರಕರೂ ಒಪ್ಪಿಕೊಂಡಂತಿದೆ. 2007ರ ನಿಕಾನ್ ಡಿ3ರಲ್ಲಿ ಎರಡು ಕಾರ್ಡುಗಳಿಗೆ ಜಾಗವಿತ್ತು. ಒಂದೇ ಚಿತ್ರವನ್ನು ಎರಡರಲ್ಲೂ ಬರೆಯಬಹುದಿತ್ತು. ಇಂದು ವೃತ್ತಿಪರ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಕೂಡಿಹಾಕಿದ ಎಲೆಕ್ಟ್ರಾನುಗಳು ವರ್ಷಗಳು ಕಳೆದಂತೆ ಸೋರಿಹೋಗುವುದರಿಂದ ಕಾರ್ಡು ಹಳೆಯ ನೆಗೆಟಿವ್ ಕಪಾಟಿಗೆ ಬದಲಿಯಲ್ಲ. ಒಳ್ಳೆಯ ಕಾರ್ಡನ್ನು ಆರಿಸುವುದು ಅರ್ಧ ಕೆಲಸ ಮಾತ್ರ. ಅಂದಿನ ಚಿತ್ರಗಳನ್ನು ಅಂದೇ ಬೇರೆ ಎರಡು ಕಡೆ ನಕಲು ಮಾಡಿಟ್ಟು, ಆಮೇಲಷ್ಟೇ ಕಾರ್ಡನ್ನು ಬರಿದು ಮಾಡಿದಾಗ ಉಳಿದರ್ಧ ಮುಗಿಯುತ್ತದೆ.