ಕಡಲಿಲ್ಲದ ಸೀಮೆಯ ಭೂಶಿರಗಳು

ಕಾಳಿ ನದಿ ಕಡಲನ್ನು ಕೂಡುವ ಕಾರವಾರದ ಅಳಿವೆಯ ಬದಿಯಲ್ಲಿ ಸದಾಶಿವಗಡವೆಂಬ ಗುಡ್ಡವಿದೆ. ಅದರ ಮೇಲೆ ನಿಂತವನಿಗೆ ದಿನಕ್ಕೆರಡು ಬಾರಿ ಭರತಿಯೇರಿ ಮರಳು ದಿಬ್ಬಗಳು ಮರೆಯಾಗುವುದೂ, ಇಳಿತದಲ್ಲಿ ಅವು ಮತ್ತೆ ಮೈದೋರುವುದೂ ಕಾಣುತ್ತವೆ. ನೀರಿನೊಳಕ್ಕೆ ಚಾಚಿದ ಇಂಥ ನೆಲದ ತುದಿಗಳನ್ನು ನಾವು ಭೂಶಿರಗಳೆನ್ನುತ್ತೇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಈ ಭಾಗ್ಯವಿಲ್ಲ. ಮಸ್ಕಿಯಿಂದ ಕಾರವಾರದ ಕಡಲಿಗೆ ನೇರ ಅಳತೆಯಲ್ಲೇ ಸುಮಾರು 300 ಕಿಲೋಮೀಟರ್ ದೂರ. ಆದರೂ ಮಳೆಗಾಲದ ಒಂದು ಸಂಜೆ ಮಸ್ಕಿಯ ದುರ್ಗದ ಗುಡ್ಡವನ್ನೇರಿ ಸುತ್ತ ನೋಡಿದವರಿಗೆ ಕಡಲಿನ ನೆನಪಾಗದೆ ಇರದು. ಕಣ್ಣು ಹಾಯುವವರೆಗೆ ಎರೆಯ ಬಯಲು. ಅದರ ನಡುನಡುವೆ ನೀರಿನಿಂದ ತಲೆಯೆತ್ತಿದಂತೆ ಬಂಡೆಗಳ ಗುಡ್ಡಗಳು.

ಇದು ಬರಿಯ ಉಪಮೆಯಲ್ಲ. ಗಟ್ಟಿ ಕಲ್ಲು ಉಳಿದು, ಅದರ ಪಕ್ಕದ ಮೆತ್ತನೆಯದು ಸವೆದುಹೋದಾಗ ಕರಾವಳಿಯಲ್ಲಿ ಭೂಶಿರ ಮೂಡುತ್ತದೆ. ಬಯಲುಸೀಮೆಯ ಗುಡ್ಡಗಳ ಕಥೆಯೂ ಅದೇ. ಅಲ್ಲಿ ಅಲೆ ಮಾಡಿದ ಕೆಲಸವನ್ನು ಇಲ್ಲಿ ಮಳೆ, ಬಿಸಿಲು, ಗಾಳಿ ಮಾಡಿವೆ. ಗುಡ್ಡದ ಮೇಲೆ ಯಾರೋ ಒಂದರ ಮೇಲೊಂದು ಇಟ್ಟಂತೆ ಕಾಣುವ ಗುಂಡುಗಳನ್ನು ಭೀಮಸೇನ ಆಡಿ ಬಿಟ್ಟ ಗೋಲಿಗಳೆಂದು ನಂಬಿದರೂ ನಷ್ಟವಿಲ್ಲ. ಆದರೆ ಅವನ್ನು ಯಾರೂ ತಂದು ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಬೆಣಚುಗಲ್ಲಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಬಿರುಕುಗಳಿದ್ದವು. ಭೂಮಿಯೊಳಗಿದ್ದಾಗಲೇ ಆ ಬಿರುಕುಗಳಲ್ಲಿ ನೀರು ಇಳಿದು ಕಲ್ಲಿನ ಮೂಲೆಗಳನ್ನು ಕೊಳೆಸಿತು. ಮುಂದೆ ಮೇಲಿನ ಮಣ್ಣು ತೊಳೆದುಹೋದಾಗ ಒಳಗಿನ ದುಂಡು ತಿರುಳುಗಳು ಇದ್ದಲ್ಲೇ ಬಯಲಾದವು.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ನಾಡಿಗೆ ಹಳೆಯ ಶಾಸನಗಳು ಕೊಟ್ಟ ಹೆಸರು ಎಡೆದೊರೆ. ಎರಡು ದೊರೆಗಳ, ಎಂದರೆ ಎರಡು ಹೊಳೆಗಳ, ಎಡೆಯ ನಾಡು. ಇದರ ಗುಡ್ಡಗಳನ್ನು ಮೊದಲು ಏರಿದವರು ಅರಸರಲ್ಲ, ದನಗಾಹಿಗಳು. ಮುದಗಲ್ಲಿನ ಬಳಿಯ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ಜನ ತಮ್ಮ ಗೂಳಿಗಳನ್ನು ಬರೆದಿಟ್ಟಿದ್ದಾರೆ. 1954ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯವರು ಮಸ್ಕಿಯಲ್ಲಿ ಅಗೆದಾಗ ಅತ್ಯಂತ ಕೆಳಗಿನ ಪದರದಲ್ಲಿ ಸಣ್ಣ ಕಲ್ಲಲಗುಗಳೂ ದನಕುರಿಗಳ ಮೂಳೆಗಳೂ ದೊರೆತವು. ಜೊತೆಗೆ ಚಿಪ್ಪಿನ ಮಣಿಗಳು, ಹವಳದ ಮಣಿಗಳು. ಹವಳ ಎರೆಹೊಲದಲ್ಲಿ ಬೆಳೆಯುವುದಲ್ಲ. ಕಡಲನ್ನು ಕಾಣದೆ ಬದುಕಿ ಮಣ್ಣಾದ ಯಾರದೋ ಕೊರಳಿಗೆ, ಕೈಯಿಂದ ಕೈಗೆ ದಾಟುತ್ತ, ಕಡಲಿನ ಒಂದು ಚೂರು ಬಂದು ಸೇರಿತ್ತು.

ಮಸ್ಕಿಯ ಹೆಸರು ಲೋಕಕ್ಕೆ ತಿಳಿದದ್ದು ಮಾತ್ರ ಬೇರೊಂದು ಕಾರಣದಿಂದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ದೇಶದ ನಾನಾ ಕಡೆಯ ಬಂಡೆ ಕಂಬಗಳಿಂದ ಒಬ್ಬ ಅರಸ ಮಾತಾಡತೊಡಗಿದ. ಅವನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡಿದ್ದನೇ ಹೊರತು ಹೆಸರು ಹೇಳಿರಲಿಲ್ಲ. ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ, ಇವನೇ ಮೌರ್ಯ ಅಶೋಕನಿರಬೇಕೆಂದು ಜಾರ್ಜ್ ಟರ್ನರ್ ತೋರಿಸಿಕೊಟ್ಟ. ಊಹೆ ಬಲವಾದದ್ದೇ, ಆದರೂ ಸುಮಾರು ಮುಕ್ಕಾಲು ಶತಮಾನ ಅದು ಗ್ರಂಥದ ಸಾಕ್ಷಿಯನ್ನೇ ನೆಚ್ಚಿ ನಿಂತಿತ್ತು. ಕಲ್ಲಿನ ಸಾಕ್ಷಿ ದೊರೆತದ್ದು 1915ರ ಜನವರಿಯಲ್ಲಿ. ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಎಂಬಾತ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅವನ್ನು ಓದಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ಎರಡು ಪದಗಳು: ದೇವಾನಂಪಿಯಸ ಅಸೋಕಸ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳಗಳಲ್ಲಿ ಆ ಹೆಸರು ಮತ್ತೆ ಕಂಡಿತು. ಮೊದಲು ಹೇಳಿದ್ದು ಮಸ್ಕಿ.

ಈ ಬಂಡೆ ಎಲ್ಲಿದೆಯೆಂಬುದನ್ನು ಸ್ವಲ್ಪ ಗಮನಿಸಬೇಕು. ಅರಸನ ಮಾತಿಗೆ ಗುಡ್ಡದ ನೆತ್ತಿಯೇ ತಕ್ಕ ಜಾಗವೆಂದು ನಮಗೆ ತೋರಬಹುದು. ಕೆತ್ತಿದವರು ಆರಿಸಿದ್ದು ಇಳಿಜಾರಿನ ಗವಿಯಂಥ ಒಂದು ನೆರಳನ್ನು. ದೂರದಿಂದ ಅದು ಕಾಣುವುದಿಲ್ಲ. ಹತ್ತಿರ ಹೋಗಿ ನಿಲ್ಲಬೇಕು. ಅದರಲ್ಲಿರುವ ಎಂಟು ಸಾಲುಗಳ ಸಾರವಾದರೂ ಏನು? ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಆ ಫಲವನ್ನು ಪಡೆಯಬಲ್ಲ, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿರಿ ಎಂಬುದು. ಪ್ರಾಕೃತದಲ್ಲಿದ್ದ ಈ ಮಾತನ್ನು ಇಲ್ಲಿಯ ಗೌಳಿ, ಒಕ್ಕಲಿಗ, ಮಣಿ ಕೊರೆಯುವವ ತಾನೇ ಓದಿರಲಾರ. ಯಾರೋ ಅಧಿಕಾರಿ ನಿಂತು ಓದಿ, ಇಲ್ಲಿಯ ನುಡಿಯಲ್ಲಿ ಬಿಡಿಸಿ ಹೇಳಿರಬೇಕು. ಕರ್ನೂಲು ಸೀಮೆಯ ಯರ್ರಗುಡಿಯ ಶಾಸನದಲ್ಲಿ ಜನರಿಗೆ ಭೇರಿಯ ಮೂಲಕ ತಿಳಿಸಬೇಕೆಂಬ ಸೂಚನೆಯೇ ಇದೆ. ಕಿವಿಗೆ ಬಿದ್ದ ಮೇಲೆಯೇ ಪೂರ್ತಿಯಾಗುವ ಬರಹ ಅದು. ರೇಡಿಯೋ ಭಾಷಣ ಮಾಡುವವರು ಅದನ್ನು ತಮ್ಮ ಪೂರ್ವಿಕವೆಂದು ಕೊಂಚ ಜಂಬದಿಂದಲೇ ಹೇಳಿಕೊಳ್ಳಬಹುದು.

ಅಶೋಕನ ತರುವಾಯ ಬಂದವರು ಗುಡ್ಡಗಳನ್ನು ಏರಿದ್ದು ಹೇಳುವುದಕ್ಕಲ್ಲ, ಕಾಯುವುದಕ್ಕೆ. ಎರಡು ನದಿಗಳನ್ನು ಎರಡು ದಡಗಳೆಂದುಕೊಂಡರೆ ಎಡೆದೊರೆ ಒಂದು ಕೊಲ್ಲಿ. ರಾಜ್ಯಗಳು ಅದರಲ್ಲಿ ಏರಿ ಇಳಿದ ನೀರು. ಹನ್ನೊಂದನೆಯ ಶತಮಾನದ ಮೊದಲಲ್ಲಿ ರಾಜೇಂದ್ರ ಚೋಳನ ಪ್ರಶಸ್ತಿಯು ತಾನು ಇಡೈತುರೈ ನಾಡನ್ನು ಗೆದ್ದೆನೆಂದೂ, ಮುಯಂಗಿಯಲ್ಲಿ ಚಾಲುಕ್ಯ ಜಯಸಿಂಹನು ಬೆನ್ನು ತೋರಿದನೆಂದೂ ಕೊಚ್ಚಿಕೊಳ್ಳುತ್ತದೆ. ಆ ಮುಯಂಗಿಯೇ ನಮ್ಮ ಮಸ್ಕಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಲ್ಲಿಯ ಶಾಸನಗಳಲ್ಲಿ ಊರ ಹೆಸರು ಪಿರಿಯ ಮೊಸಂಗಿ. ಜಯಸಿಂಹನ ಕಡೆಯ ಶಾಸನಗಳಾದರೋ ಚೋಳನೆಂಬ ಆನೆಗೆ ತಮ್ಮ ಅರಸ ಸಿಂಹವೆನ್ನುತ್ತವೆ. ಗೆದ್ದವರಾರೆಂಬುದನ್ನು ಹೊಗಳುಭಟರಿಂದ ತಿಳಿಯುವ ಆಸೆ ಬೇಡ. ಮುಂದೆ ಬಹಮನಿಯವರೂ ವಿಜಯನಗರದವರೂ ಇದೇ ನೆಲಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. 1565ರ ಯುದ್ಧದ ಬಳಿಕ ನಾಡು ಬಿಜಾಪುರದ ಪಾಲಾಯಿತು. ಮುದಗಲ್ಲಿನ ಕೋಟೆ ಎಷ್ಟು ಕೈ ಬದಲಾಯಿತೆಂಬ ಲೆಕ್ಕ ಇತಿಹಾಸದ ಪರೀಕ್ಷೆಗೆ ಕೂರುವ ಮಕ್ಕಳಿಗಿರಲಿ.

ನಿಜವಾಗಿ ನೀರಿನ ಮೇಲೆ ನಿಂತ ಭೂಶಿರವನ್ನೇ ನೋಡಬೇಕೆನ್ನುವವರು ಲಿಂಗಸುಗೂರು ತಾಲೂಕಿನ ಜಲದುರ್ಗಕ್ಕೆ ಹೋಗಬೇಕು. ಅಲ್ಲಿ ಕೃಷ್ಣೆ ಕವಲೊಡೆದು ನಡುಗಡ್ಡೆಯೊಂದನ್ನು ಬಳಸುತ್ತಾಳೆ. ಅದರ ಬಂಡೆಗಳ ಮೇಲೆ ಕೋಟೆ. ದಖ್ಖನಿನ ಪ್ರಸ್ಥಭೂಮಿಯಿಂದ ರಾಯಚೂರಿನ ಬಯಲಿಗೆ ನದಿ ಇಳಿಯುವುದು ಈ ಭಾಗದಲ್ಲಿ. ಮೂರು ಮೈಲಿಗಳಲ್ಲಿ 408 ಅಡಿ ಇಳಿತವೆಂದೂ, ನೆರೆಯ ಕಾಲದಲ್ಲಿ ತುಂತುರಿನ ಕಂಬವೇ ಏಳುತ್ತಿತ್ತೆಂದೂ ಬ್ರಿಟಿಷರ ಕಾಲದ ಗೆಜೆಟಿಯರು ಬರೆಯುತ್ತದೆ. 1982ರಲ್ಲಿ ಮೇಲುಗಡೆ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಇಲ್ಲಿಯ ಏರಿಳಿತ ಚಂದ್ರನಿಗೂ ಸೇರಿದ್ದಲ್ಲ, ಮಳೆಗೂ ಪೂರ್ತಿ ಸೇರಿದ್ದಲ್ಲ, ಗೇಟು ತೆರೆಯುವವರದು. ಕೋಟೆಯ ಮೇಲೆ ನಿಂತು ನೋಡುವವರಿಗೆ ಅದು ರಮ್ಯ ದೃಶ್ಯ. ನಡುಗಡ್ಡೆಯ ಹಳ್ಳಿಗಳವರಿಗೆ ಹಾಗಲ್ಲ: ನೀರು ಬಿಟ್ಟ ವರ್ಷಗಳಲ್ಲಿ ಶೀಲಹಳ್ಳಿಯ ಸೇತುವೆ ಮುಳುಗಿ, ಬಸುರಿಯನ್ನಾಗಲಿ ರೋಗಿಯನ್ನಾಗಲಿ ಲಿಂಗಸುಗೂರಿನ ಆಸ್ಪತ್ರೆಗೆ ಸಾಗಿಸುವ ದಾರಿಯೇ ಕಡಿದುಹೋದದ್ದುಂಟು. ನೋಟ ಎತ್ತರದವರದು, ನೀರು ತಗ್ಗಿನವರದು.

ದಕ್ಷಿಣದ ಅಂಚಿನಲ್ಲೂ ನೀರು ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಜೋಳ, ಹತ್ತಿಗಳ ಸಿಂಧನೂರು ಭತ್ತದ ಸೀಮೆಯಾಯಿತು. ಆಂಧ್ರದ ಒಕ್ಕಲುಗಳು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಕಾಲುವೆಯ ತಲೆಯ ಕಡೆ ನೀರು ಹೆಚ್ಚಾಗಿ ನೆಲ ಜವುಗಾಯಿತು, ಉಪ್ಪೇರಿತು. ಕೊನೆಯ ಭಾಗದವರು ಬಾರದ ನೀರಿಗಾಗಿ ಇಂದಿಗೂ ಕಾಯುತ್ತಾರೆ. 1970ರ ಆಸುಪಾಸಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸರ್ಕಾರ ಸಿಂಧನೂರಿನ ಬಳಿಯೇ ನೆಲ ಕೊಟ್ಟು ನೆಲೆಗೊಳಿಸಿತು. ಅವರು ಬಿಟ್ಟುಬಂದದ್ದು ನದಿಗಳ ನಾಡನ್ನು. ಅದರ ತೆಂಕಣ ಭಾಗದ ಹೊಳೆಗಳಲ್ಲಿ ಕಡಲಿನ ಭರತಿ ಮೈಲಿಗಟ್ಟಲೆ ಒಳಕ್ಕೆ ಬರುತ್ತದೆ. ಭರತಿ ಎಂದರೇನೆಂದು ಹುಟ್ಟಿನಿಂದ ಬಲ್ಲ ಹಿರಿಯರು ಹೀಗೆ ಕಡಲಿಲ್ಲದ ಸೀಮೆಯ ಒಕ್ಕಲಾದರು. ಅವರ ಮೊಮ್ಮಕ್ಕಳು ಸಿಂಧನೂರಿನ ಸಂತೆಯಲ್ಲಿ ರಾಯಚೂರು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ.

ಗುಡ್ಡಗಳಿಗೆ ಈಗ ಹೊಸ ಬಳಕೆಯೊಂದು ಸಿಕ್ಕಿದೆ. ನೆಲಕ್ಕೂ ಅಡುಗೆಮನೆಯ ಕಟ್ಟೆಗೂ ಹಾಸುವ ‘ಮುದಗಲ್ ಗ್ರೇ’ ಎಂಬ ಕಲ್ಲು ದೂರದ ಊರುಗಳಿಗೆ ಹೋಗುತ್ತಿದೆ. ಕ್ವಾರಿಯ ಕೂಲಿ ಎಷ್ಟೋ ಮನೆಗಳ ಒಲೆ ಉರಿಸುತ್ತದೆಂಬುದನ್ನು ಮರೆತು ಅದನ್ನು ಹಳಿಯಲಾಗದು. ಆದರೆ ಪಿಕ್ಲಿಹಾಳದ ಗೂಳಿಗಳಂಥ ರೇಖೆಗಳು ಯಾವ ಗುಂಡಿನ ಮರೆಯಲ್ಲಿವೆಯೆಂದು ಪಟ್ಟಿ ಮಾಡದೆ ಸಿಡಿಮದ್ದಿಡುವುದು ಓದದೆಯೇ ಹಾಳೆ ಹರಿದಂತೆ. ಮಸ್ಕಿಯ ಬಂಡೆಗೆ ರಕ್ಷಣೆಯುಂಟು. ಅಲ್ಲಿಯೂ ಅಕ್ಷರಗಳು ಅನೇಕ ಕಡೆ ಸವೆದಿವೆ, ಕಲ್ಲಿನ ಚಕ್ಕೆ ಎದ್ದಿದೆ, ಕೆಲವು ಪದಗಳನ್ನು ಬೇರೆ ಊರುಗಳ ಪಾಠದಿಂದ ತುಂಬಿಕೊಂಡೇ ಓದಬೇಕು. ಮೊದಲ ಸಾಲಿನ ಹೆಸರನ್ನು ಮಾತ್ರ ಯಾವ ಊರಿನಿಂದಲೂ ಎರವಲು ತರಬೇಕಾಗಿಲ್ಲ.