ಬಣ್ಣವೇ ಖಾರವಲ್ಲ: ನರಜಾಲದ ನಕ್ಷೆಗಳ ಚರಿತ್ರೆಗೆ ಬ್ಯಾಡಗಿಯಿಂದ ಒಂದು ಪ್ರವೇಶ

ಹಂಗಾಮಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕಾಲಿಟ್ಟವರಿಗೆ ಕೆಂಪು ಕಣ್ಣು ತುಂಬುವ ಮೊದಲೇ ಕೆಮ್ಮು ಹತ್ತುತ್ತದೆ. ರಾಶಿಯ ಪಕ್ಕ ಕೂತು ತೊಟ್ಟು ಬಿಡಿಸುವ ಹೆಂಗಸರು ಸೆರಗನ್ನು ಮೂಗಿಗೆ ಸುತ್ತಿಕೊಂಡಿರುತ್ತಾರೆ. ಆದರೂ ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಮೆಣಸಿನಕಾಯಿಗೆ ಬೆಲೆ ತರುವುದು ಬಣ್ಣ. ಖಾರ ಅದಕ್ಕೆ ಕಡಿಮೆಯೇ. ಬಣ್ಣ ಕೊಡುವ ದ್ರವ್ಯ ಬೇರೆ, ಉರಿ ಕೊಡುವ ಕ್ಯಾಪ್ಸೈಸಿನ್ ಬೇರೆ. ಕಾಣುವುದೂ ಕೆಲಸ ಮಾಡುವುದೂ ಒಂದೇ ಅಲ್ಲ ಎಂಬ ಪೇಟೆಯ ಈ ತಿಳಿವಳಿಕೆಯನ್ನು ಹಿಡಿದು, ಮೆದುಳಿನ ನರಸಂಪರ್ಕಗಳ ನಕ್ಷೆ ಬರೆದವರ ಒಂದೂವರೆ ಶತಮಾನದ ಚರಿತ್ರೆಯನ್ನು ಓದುವುದು ಈ ಲೇಖನದ ಉದ್ದೇಶ.

ಘಾಟು ಹಿಡಿದ ದಾರಿ

ಮೂಗಿಗೆ ಹೊಕ್ಕ ಘಾಟು ಟ್ರೈಜೆಮಿನಲ್ ನರದ ತುದಿಗಳನ್ನು ಕೆಣಕುತ್ತದೆ. ಸಂದೇಶ ಮೆದುಳುಕಾಂಡಕ್ಕೆ, ಅಲ್ಲಿಂದ ಥಲಾಮಸ್‌ಗೆ, ಮುಂದೆ ಮೆದುಳಿನ ತೊಗಟೆಗೆ ಏರುತ್ತದೆ. ಇಂಥ ನೋವಿನ ದಾರಿಗಳನ್ನು ಗುರುತಿಸಲು ಸ್ವತಃ ಮೆಣಸಿನಕಾಯಿಯೇ ಉಪಕರಣವಾಯಿತು. ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಕ್ಯಾಪ್ಸೈಸಿನ್ ಕೊಟ್ಟರೆ ಸಣ್ಣ ವ್ಯಾಸದ ಸಂವೇದಕ ನರಗಳು ಮಾತ್ರ ನಾಶವಾಗುತ್ತವೆ ಎಂದು ಹಂಗೇರಿಯ ಗಾಬೋರ್ ಯಾಂಚೊ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದರು. ಸತ್ತ ತುದಿಗಳು ಎಲ್ಲೆಲ್ಲಿ ಬಿದ್ದಿವೆಯೋ ಅಲ್ಲೆಲ್ಲ ಆ ನರಗಳು ಬಂದು ಮುಟ್ಟುತ್ತಿದ್ದವು ಎಂದರ್ಥ. ದಾರಿಯನ್ನು ಅಳಿಸಿ ದಾರಿ ತಿಳಿದ ಕ್ರಮವಿದು. ಕ್ಯಾಪ್ಸೈಸಿನ್ ಮುಟ್ಟುವ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರ ತಂಡ ಪತ್ತೆಮಾಡಿದ್ದು 1997ರಲ್ಲಿ. 2021ರ ನೊಬೆಲ್ ಪ್ರಶಸ್ತಿಯಲ್ಲಿ ಜೂಲಿಯಸ್ ಅವರಿಗೂ ಪಾಲು ಬಂತು.

ಬೆಳ್ಳಿಯಿಂದ ವಜ್ರದ ಅಲಗಿಗೆ

ಇಟಲಿಯ ಕಮಿಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ ಬೆಳ್ಳಿಯ ಬಣ್ಣಗಾರಿಕೆ ಗೆದ್ದದ್ದು ಅದರ ಜಿಪುಣತನದಿಂದ. ಅದು ನೂರರಲ್ಲಿ ಕೆಲವೇ ನರಕೋಶಗಳಿಗೆ ಕಪ್ಪು ಹತ್ತಿಸುತ್ತಿತ್ತು. ಎಲ್ಲಕ್ಕೂ ಹತ್ತಿದ್ದರೆ ಕಾಣುತ್ತಿದ್ದದ್ದು ಬರೀ ಮಸಿ. ಅದೇ ಬಣ್ಣ ಬಳಸಿ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಪ್ರತಿ ನರಕೋಶವೂ ಬಿಡಿ ಘಟಕವೆಂದು ವಾದಿಸಿದರು. ಗಾಲ್ಜಿಗೆ ಕಂಡದ್ದು ಅಖಂಡ ಬಲೆ. 1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು, ಅಭಿಪ್ರಾಯವನ್ನಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ತೊಡಕು ತಿರುಗುಮುರುಗಾಯಿತು: ತೆಳ್ಳಗೆ ಸೀಳಿದ ಹಾಳೆಗಳಲ್ಲಿ ಈಗ ಎಲ್ಲವೂ ಕಾಣತೊಡಗಿತು. ರಾಣೆಬೆನ್ನೂರಿನ ಪೇಟೆಯಲ್ಲಿ ಹತ್ತಿಯ ಅಂಡಿಗೆಯೊಂದನ್ನು ಸಾವಿರಾರು ಹಾಳೆಗಳಾಗಿ ಸೀಳಿ, ಈ ಹಾಳೆಯ ಚುಕ್ಕೆ ಮುಂದಿನ ಹಾಳೆಯ ಯಾವ ಚುಕ್ಕೆಗೆ ಸೇರಿದ ಎಳೆ ಎಂದು ಹುಡುಕಬೇಕಾದರೆ ಎಷ್ಟು ಪಾಡು, ಇಲ್ಲೂ ಅಷ್ಟೇ. ಸಿಡ್ನಿ ಬ್ರೆನ್ನರ್, ಜಾನ್ ವೈಟ್ ಮೊದಲಾದವರು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ 302 ನರಕೋಶಗಳ ಜಾಲವನ್ನು ಹೀಗೆ ಕೈಯಿಂದಲೇ ಎಣಿಸಿ 1986ರಲ್ಲಿ ಪ್ರಕಟಿಸಿದರು. ಇಂಥ ಪೂರ್ತಿ ನಕ್ಷೆಗೆ ‘ಕನೆಕ್ಟೋಮ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 2005ರಲ್ಲಿ. 2024ರ ಹೊತ್ತಿಗೆ ಕಂಪ್ಯೂಟರಿನ ನೆರವಿನಿಂದ ಹಣ್ಣುನೊಣದ ಇಡೀ ಮೆದುಳಿನ 1,39,255 ನರಕೋಶಗಳ ನಕ್ಷೆ ಸಿದ್ಧವಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ನಕ್ಷೆ ಸಾಸಿವೆ ಕಾಳಿಗಿಂತ ಚಿಕ್ಕದಾದ, ಸುಮಾರು ಒಂದು ಘನ ಮಿಲಿಮೀಟರ್ ಮಾನವ ಮೆದುಳಿನದು. ವಜ್ರದ ಅಲಗಿನಿಂದ ಸುಮಾರು 30 ನ್ಯಾನೊಮೀಟರ್ ದಪ್ಪಕ್ಕೆ ಸೀಳಿದ ಆ ತುಣುಕಿನಲ್ಲಿ ಸಿಕ್ಕದ್ದು ಸುಮಾರು 57,000 ಜೀವಕೋಶ, 15 ಕೋಟಿ ನರಸಂಧಿ (ಸಿನಾಪ್ಸ್).

ಬೆಂಗಳೂರಿನ ಎಳೆ

ಹಣ್ಣುನೊಣದ ರುಚಿ, ವಾಸನೆಗಳ ನರಮಾರ್ಗವನ್ನು ವಂಶವಾಹಿಗಳ ಮೂಲಕ ಬಿಡಿಸುವ ಕೆಲಸಕ್ಕೆ ನಮ್ಮಲ್ಲಿ ತಳಪಾಯ ಹಾಕಿದವರು ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರಾಡ್ರಿಗಸ್. ಅವರ ಹೆಸರಾಂತ ಪ್ರಬಂಧ 1978ರದು. ಮುಂದೆ ಸಿದ್ದಿಕಿ ಬೆಂಗಳೂರಿನಲ್ಲಿ ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರವಾದ ಎನ್‌ಸಿಬಿಎಸ್ ಕಟ್ಟಿದರು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳಿನ ಭಂಡಾರವಿದೆ.

ಭಂಡಾರದಲ್ಲಿರುವುದು ಸತ್ತವರ ಮೆದುಳು; ಬದುಕಿರುವವರ ಮೆದುಳನ್ನು ಸೀಳಲಾಗದು. ಅಲ್ಲಿ ನೀರಿನ ಅಣುಗಳು ನರಎಳೆಗಳ ಗುಂಟ ಹರಿದಾಡುವುದನ್ನು ಎಂಆರ್‌ಐ ಯಂತ್ರದಿಂದ ಅಳೆದು ದಾರಿಗಳನ್ನು ಊಹಿಸುತ್ತಾರೆ. ಊಹೆಯಲ್ಲಿ ಸುಳ್ಳು ಎಳೆಗಳೂ ಸೇರಿಬಿಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ದೇವರಾಜನ್ ಶ್ರೀಧರನ್ ಅವರ ತಂಡ 2022ರಲ್ಲಿ ಪ್ರಕಟಿಸಿದ ‘ರಿಯಲ್-ಲೈಫ್’ ಎಂಬ ಗಣನಕ್ರಮ ದತ್ತಾಂಶಕ್ಕೆ ಹೊಂದದ ಎಳೆಗಳನ್ನು ಕಿತ್ತುಹಾಕುತ್ತದೆ, ಅದೂ ಹಿಂದಿನ ಕ್ರಮಗಳಿಗಿಂತ 150 ಪಟ್ಟಿಗೂ ಹೆಚ್ಚು ವೇಗವಾಗಿ. ಆದರೂ ಈ ನಕ್ಷೆಯ ಒಂದೊಂದು ಚೌಕ ಮಿಲಿಮೀಟರಿನ ಲೆಕ್ಕದ್ದು; ಒಳಗಿನ ಸಾವಿರಾರು ಎಳೆಗಳಲ್ಲಿ ಯಾವುದು ಯಾವುದಕ್ಕೆ ಗಂಟು ಬಿದ್ದಿದೆ ಎಂದು ಅದು ಹೇಳಲಾರದು.

ನಕ್ಷೆ ಬಿಟ್ಟದ್ದು

ಪೂರ್ತಿ ನಕ್ಷೆ ಕೈಯಲ್ಲಿದ್ದರೂ ಸಾಲದೆಂದು ಕಲಿಸಿದ್ದು ಆ 302 ನರಕೋಶಗಳ ಹುಳುವೇ. 2023ರಲ್ಲಿ ಪ್ರಿನ್ಸ್‌ಟನ್‌ನ ಆಂಡ್ರ್ಯೂ ಲೀಫರ್ ಅವರ ತಂಡ ಹುಳುವಿನ ನರಕೋಶಗಳನ್ನು ಒಂದೊಂದಾಗಿ ಕೆಣಕಿ, ಸಂಕೇತ ಹರಿದದ್ದನ್ನು ಅಳೆಯಿತು. ಹರಿವು ಹಲವೆಡೆ ನಕ್ಷೆಯನ್ನು ಹಿಂಬಾಲಿಸಲಿಲ್ಲ. ಸಂಧಿಗಳ ಹಂಗಿಲ್ಲದೆ ಹರಡುವ ರಾಸಾಯನಿಕಗಳಾದ ಪೆಪ್ಟೈಡ್‌ಗಳೂ ಸುದ್ದಿ ಒಯ್ಯುತ್ತಿದ್ದವು. ಗಾಲ್ಜಿಯ ಬೆಳ್ಳಿ ಬಿಟ್ಟದ್ದು ಕೋಶಗಳನ್ನಾದರೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಬಿಟ್ಟದ್ದು ಈ ಹರಿವನ್ನು.

ಹಾಗೆಂದು ನಕ್ಷೆ ವ್ಯರ್ಥವಲ್ಲ. ಹರಿವು ಎಲ್ಲಿ ದಾರಿ ಬಿಟ್ಟಿತೆಂದು ಗೊತ್ತಾಗಬೇಕಾದರೆ ದಾರಿ ಮೊದಲು ಗೊತ್ತಿರಬೇಕು. ಎರಡಕ್ಕೂ ಬೇರೆ ಬೇರೆ ಅಳತೆ ಬೇಕು: ಮೆಣಸಿನಕಾಯಿ ವಹಿವಾಟಿನಲ್ಲಿ ಬಣ್ಣಕ್ಕೆ ಆಸ್ಟಾ ಎಂಬ ಅಳತೆ, ಖಾರಕ್ಕೆ ಸ್ಕೊವಿಲ್ ಎಂಬ ಅಳತೆ. ಕಾಯಿ ಕೆಂಪಗಿದೆಯೆಂದು ಖಾರದ ಲೆಕ್ಕವನ್ನು ಅಲ್ಲಿ ಅಂದಾಜಿಗೆ ಬಿಡಲಾಗದು.